ಗಡಿನಾಡಿನ ಕಲ್ಲು ಮತ್ತು ಕ್ಯಾಮರಾ: ಹರಿಹರ-ದಾವಣಗೆರೆ ಪರಿಸರದಲ್ಲಿ ಆರಂಭಕಾಲದ ಛಾಯಾಗ್ರಾಹಕರು

ಕನ್ನಡ ಶಾಸನಾಧ್ಯಯನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಫ್ಲೀಟ್ ಮತ್ತು ರೈಸ್ ಅವರಿಂದ ಆರಂಭಿಸುತ್ತಾರೆ. ಅದು ತಪ್ಪಲ್ಲ. ಆದರೆ ಈ ಇಬ್ಬರು ವಿದ್ವಾಂಸರು ತಮ್ಮ ಮೊದಲ ಪ್ರಮುಖ ಸಂಪಾದನೆಗಳಿಗೆ ಕೈಹಾಕಿದಾಗ ಅವರ ಮೇಜಿನ ಮೇಲಿದ್ದುದು ಬಹುಮಟ್ಟಿಗೆ ಛಾಯಾಚಿತ್ರಗಳ ಕಟ್ಟು ಎಂಬ ಸಂಗತಿ ನಮ್ಮ ಚರ್ಚೆಗಳಲ್ಲಿ ಅಡಿಟಿಪ್ಪಣಿಯ ಮಟ್ಟವನ್ನು ದಾಟಿ ಬಂದಿಲ್ಲ. ಆ ಚಿತ್ರಗಳನ್ನು ತೆಗೆದವರು ಭಾಷಾಶಾಸ್ತ್ರಜ್ಞರಲ್ಲ. ಸೇನೆಯ ಅಧಿಕಾರಿಗಳು ಮತ್ತು ವೈದ್ಯರು. ಅವರ ದಾರಿಗಳು ಹಾದುಹೋದ ನೆಲೆಗಳಲ್ಲಿ ತುಂಗಭದ್ರೆಯ ದಡದ ಹರಿಹರವೂ ಅದರ ನೆರೆಯ ದಾವಣಗೆರೆ ಸೀಮೆಯೂ ಸೇರಿವೆ. ಈ ಪರಿಸರವನ್ನು ಕೇಂದ್ರದಲ್ಲಿರಿಸಿಕೊಂಡು ಆ ಆರಂಭದ ಛಾಯಾಗ್ರಾಹಕರ ಕೆಲಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿಹರವನ್ನು ಇಂದು ನಾವು ನಾಡಿನ ನಡುಭಾಗವೆಂದು ಭಾವಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಗಡಿಯ ಊರು. ನದಿಯ ಆಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಈಚೆಗೆ ೧೮೩೧ರಿಂದ ೧೮೮೧ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನ. ಪೂರ್ವಕ್ಕೆ ಸ್ವಲ್ಪ ಸಾಗಿದರೆ ಮದರಾಸು ಪ್ರಾಂತದ ಬಳ್ಳಾರಿ. ಊರಿನ ವಾಯವ್ಯಕ್ಕೆ ಸುಮಾರು ಎರಡು ಮೈಲಿ ದೂರದ ದಂಡಿನಲ್ಲಿ ೧೮೬೫ರವರೆಗೆ ದೇಶೀಯ ಪದಾತಿದಳವೊಂದು ಬೀಡುಬಿಟ್ಟಿತ್ತು. ಬೆಂಗಳೂರಿನಿಂದ ಚಿತ್ರದುರ್ಗದ ಮೂಲಕ ಧಾರವಾಡಕ್ಕೆ ಹೋಗುವ ಹೆದ್ದಾರಿ ಇಲ್ಲಿಯೇ ಹೊಳೆಯನ್ನು ದಾಟುತ್ತಿತ್ತು. ಕಲ್ಲು ಮತ್ತು ಇಟ್ಟಿಗೆಯ ಸೇತುವೆ ಮುಗಿದದ್ದು ೧೮೬೮ರಲ್ಲಿ. ಅದಕ್ಕೆ ಮೊದಲು ಹೊಳೆ ತುಂಬಿದಾಗ ಹರಿಗೋಲೇ ಗತಿ. ಸುತ್ತಲಿನದು ಮಳೆಯನ್ನು ನೆಚ್ಚಿದ ಬಯಲುಸೀಮೆ, ಜೋಳ-ಹತ್ತಿಗಳ ಎರೆಭೂಮಿ, ಕುರಿ-ಕಂಬಳಿಗಳ ನಾಡು. ೧೮೦೧ರಲ್ಲಿ ಈ ದಾರಿಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ದಾವಣಗೆರೆಯ ಕಂಬಳಿಗಳ ವಿಷಯವನ್ನು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಇಂತಹ ಗಡಿಯ ಊರಿಗೆ ಮುಂಬಯಿ ಸೇವೆಯ ಛಾಯಾಗ್ರಾಹಕನೂ ಬಂದ, ಮದರಾಸು ಸೇವೆಯ ಛಾಯಾಗ್ರಾಹಕನೂ ಬಂದ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕ್ಯಾಮರಾ ಬರುವುದಕ್ಕೆ ಮೊದಲು ಕಲ್ಲಿನ ಮೇಲಿನ ಬರಹವನ್ನು ಕಾಗದಕ್ಕೆ ಇಳಿಸುತ್ತಿದ್ದುದು ಮನುಷ್ಯನ ಕಣ್ಣು ಮತ್ತು ಕೈ. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೇಕ್ಷಣೆಯ ಕಾಲದಲ್ಲಿ ತನ್ನ ದೇಶೀಯ ಸಹಾಯಕರಿಂದ ಅಸಂಖ್ಯ ಪ್ರತಿಗಳನ್ನು ಮಾಡಿಸಿದ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಂಗ್ರಹಿಸಿದ ‘ಕರ್ನಾಟಕ ದೇಶದ ಶಾಸನ’ಗಳ ಹಸ್ತಪ್ರತಿಯಲ್ಲಿ ೫೯೫ ಶಾಸನಗಳ ನಕಲುಗಳಿವೆ. ಈ ಶ್ರಮ ಅಸಾಧಾರಣವಾದುದು. ಆದರೆ ಕೈನಕಲಿನಲ್ಲಿ ಒಂದು ಮೂಲಭೂತ ತೊಡಕಿದೆ. ನಕಲುಗಾರನು ತಾನು ಓದಿದ್ದನ್ನು ಬರೆಯುತ್ತಾನೆ. ಓದಲಾರದ್ದನ್ನು ಬಿಡುತ್ತಾನೆ ಅಥವಾ ಊಹಿಸಿ ತುಂಬುತ್ತಾನೆ. ಹಳಗನ್ನಡದ ಱ, ೞಗಳು ಬಳಕೆಯಿಂದ ಮರೆಯಾಗಿ ಶತಮಾನಗಳು ಕಳೆದಿದ್ದ ಕಾಲದಲ್ಲಿ ಗ್ರಾಮದ ಶಾನುಭೋಗನೋ ಶಾಸ್ತ್ರಿಯೋ ಮಾಡಿದ ನಕಲಿನಲ್ಲಿ ಅವು ರ, ಳಗಳಾಗಿ ಬದಲಾಗುವ ಸಂಭವವೇ ಹೆಚ್ಚು. ಭಾಷೆಯ ಚರಿತ್ರೆಯನ್ನು ಹುಡುಕುವವನಿಗೆ ಬೇಕಾದ ಸಾಕ್ಷ್ಯವೇ ನಕಲಿನಲ್ಲಿ ಅಳಿಸಿಹೋಗುತ್ತಿತ್ತು. ಓದದೆ ನಕಲು ಮಾಡಬಲ್ಲ ಯಂತ್ರವೊಂದರ ಅಗತ್ಯ ಹೀಗೆ ಒದಗಿತು.

೧೮೫೪-೫೫ರ ವೇಳೆಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಪ್ರಾಚೀನ ಕಟ್ಟಡಗಳ ದಾಖಲೆಗೆ ಚಿತ್ರಕಾರರ ಬದಲು ಛಾಯಾಗ್ರಾಹಕರನ್ನು ಬಳಸುವುದು ಅಗ್ಗವೂ ನಂಬಲರ್ಹವೂ ಆದ ಮಾರ್ಗವೆಂದು ಪ್ರಾಂತ ಸರಕಾರಗಳಿಗೆ ಸೂಚಿಸಿದರು. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವು ಸ್ಥಾಪನೆಯಾದದ್ದು ೧೮೫೪ರಲ್ಲಿ. ಮರುವರ್ಷವೇ ಬಾಂಬೆ ಆರ್ಟಿಲರಿಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಮುಂಬಯಿ ಸರಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಕೆಲಸ ಮಾಡಿದ. ವರ್ಷ ಮುಗಿಯುವುದರೊಳಗೆ ಸೇನೆ ಅವನನ್ನು ಮರಳಿ ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದವನು ಮುಂಬಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಹೆನ್ರಿ ಪಿಗೂ.

ಇವರ ಕೆಲಸದ ಸ್ವರೂಪವನ್ನು ಅರಿಯಬೇಕಾದರೆ ಆ ಕಾಲದ ತಂತ್ರವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಇಂಗ್ಲೆಂಡಿನ ಟಾಲ್ಬಟ್ ೧೮೪೧ರಲ್ಲಿ ಹಕ್ಕುಪತ್ರ ಪಡೆದ ಪದ್ಧತಿಯಲ್ಲಿ ನೆಗೆಟಿವ್ ತಯಾರಾಗುತ್ತಿದ್ದುದು ಗಾಜಿನ ಮೇಲಲ್ಲ, ಕಾಗದದ ಮೇಲೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೧ರಲ್ಲಿ ಇದನ್ನು ಸುಧಾರಿಸಿದ: ಕಾಗದಕ್ಕೆ ಮೊದಲೇ ಕರಗಿದ ಮೇಣವನ್ನು ಊಡಿ, ಅನಂತರ ಅಯೊಡೈಡ್ ಲವಣದಲ್ಲಿ ನೆನಸಿ ಒಣಗಿಸಿ, ಕೊನೆಗೆ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿದರೆ ಅದು ಬೆಳಕಿಗೆ ಸ್ಪಂದಿಸುವ ಹಾಳೆಯಾಗುತ್ತಿತ್ತು. ಇದರ ದೊಡ್ಡ ಅನುಕೂಲವೆಂದರೆ ಹಾಳೆಗಳನ್ನು ಒಂದು ಮುಕ್ಕಾಮಿನಲ್ಲಿ ಸಿದ್ಧಪಡಿಸಿ ಒಣಗಿಸಿಟ್ಟುಕೊಂಡು, ಕೆಲವು ದಿನಗಳ ಅನಂತರ ಇನ್ನೊಂದು ಊರಿನಲ್ಲಿ ಬಳಸಿ, ಮತ್ತೆ ಬಿಡುವಾದಾಗ ಗ್ಯಾಲಿಕ್ ಆಮ್ಲದಲ್ಲಿ ಚಿತ್ರವನ್ನು ಮೂಡಿಸಬಹುದಾಗಿತ್ತು. ಅದೇ ವರ್ಷ ಪ್ರಕಟವಾದ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಫಲಕವು ಇನ್ನೂ ಹಸಿಯಾಗಿರುವಾಗಲೇ, ಅಂದರೆ ಹತ್ತು-ಹದಿನೈದು ನಿಮಿಷಗಳೊಳಗೆ, ಲೇಪನ, ಚಿತ್ರಗ್ರಹಣ, ಸಂಸ್ಕರಣ ಮೂರೂ ಮುಗಿಯಬೇಕು. ಕತ್ತಲೆಯ ಡೇರೆಯನ್ನು ಜೊತೆಯಲ್ಲಿಯೇ ಹೊರಬೇಕು. ಕೊಲೋಡಿಯನ್ನಿನಲ್ಲಿರುವ ಈಥರು ಬಯಲುಸೀಮೆಯ ಬಿಸಿಲಿಗೆ ಕ್ಷಣದಲ್ಲಿ ಆವಿಯಾಗುತ್ತದೆ. ಗಾಡಿ, ಕುದುರೆ, ಹೊರೆಯಾಳುಗಳನ್ನು ನಂಬಿ ಊರೂರು ಅಲೆಯುತ್ತಿದ್ದ ಐವತ್ತರ ದಶಕದ ಛಾಯಾಗ್ರಾಹಕರು ಮೇಣದ ಕಾಗದಕ್ಕೆ ಅಂಟಿಕೊಂಡಿದ್ದುದು ಹಿಂದುಳಿದಿದ್ದರಿಂದಲ್ಲ; ಈ ನೆಲದ ಹವೆಗೆ ಅದೇ ಹೊಂದುತ್ತಿತ್ತು.

ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕಾಗದದ ನೆಗೆಟಿವಿಗೆ ಹಲವು ನಿಮಿಷಗಳ ಬೆಳಕು ಬೇಕು. ಅಷ್ಟು ಹೊತ್ತು ನಿಶ್ಚಲವಾಗಿ ನಿಲ್ಲಬಲ್ಲುದು ಕಲ್ಲು ಮಾತ್ರ. ಗುಡಿಯ ಅಂಗಳದಲ್ಲಿ ಓಡಾಡಿದ ಜನ ಚಿತ್ರದಲ್ಲಿ ಮಾಯವಾಗುತ್ತಾರೆ. ಹಿಗ್ಗಿಸಿ ಮುದ್ರಿಸುವ ಸೌಕರ್ಯ ಇರಲಿಲ್ಲವಾದ್ದರಿಂದ ಪ್ರತಿಯ ಅಳತೆ ನೆಗೆಟಿವಿನ ಅಳತೆಯೇ; ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಪೆಟ್ಟಿಗೆಯನ್ನೇ ಹೊರಬೇಕು. ಈ ಕಾಲದ ಚಿತ್ರಗಳಲ್ಲಿ ನಮ್ಮ ಗುಡಿಗಳು ಪಾಳುಬಿದ್ದಂತೆ, ನಿರ್ಜನವಾದಂತೆ ಕಾಣುವುದಕ್ಕೆ ವಸಾಹತುಶಾಹಿಯ ದೃಷ್ಟಿಯನ್ನಷ್ಟೇ ಕಾರಣವಾಗಿ ಹೇಳುವ ವಿಮರ್ಶಕರು ಬೆಳ್ಳಿಯ ಲವಣದ ನಿಧಾನಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಪಿಗೂ ಧಾರವಾಡ ಸೀಮೆಯಿಂದ ಹೊಳೆ ದಾಟಿ ಹರಿಹರಕ್ಕೆ ಬಂದು ಹರಿಹರೇಶ್ವರ ದೇವಾಲಯವನ್ನು ಚಿತ್ರಿಸಿದ್ದು ೧೮೫೬-೫೭ರ ಸುಮಾರಿನಲ್ಲಿ. ಈ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ೧೨೬೮ರಲ್ಲಿ ಸೋಮನಾಥಪುರದ ನಿರ್ಮಾಪಕ ಸೋಮ ದಂಡನಾಯಕನು ಇದಕ್ಕೆ ಗೋಪುರವನ್ನು ಸೇರಿಸಿದನೆಂದು ಶಾಸನ ಹೇಳುತ್ತದೆ. ಬೇಲೂರು-ಹಳೇಬೀಡುಗಳ ಗೋಡೆಗಳಂತೆ ಇದರ ಹೊರಮೈ ಶಿಲ್ಪಗಳಿಂದ ಕಿಕ್ಕಿರಿದಿಲ್ಲ. ಇದರ ಸೊಬಗು ಇರುವುದು ತೆರೆದ ಮಂಟಪದಲ್ಲಿ, ತಿರುಗಣೆಯ ಕಂಬಗಳಲ್ಲಿ, ಭುವನೇಶ್ವರಿಗಳಲ್ಲಿ. ಇದು ಕ್ಯಾಮರಾಕ್ಕೆ ಒಂದು ಕಠಿಣ ಪರೀಕ್ಷೆ. ಹೊಳಪುಗೊಂಡ ಕಪ್ಪು ಬಳಪದ ಕಲ್ಲಿನ ಕಂಬ, ಅದರ ಹಿಂದೆ ನೆರಳು, ನೆರಳಿನಾಚೆ ಬಿಸಿಲು: ಮೂರನ್ನೂ ಒಂದೇ ಹಾಳೆಯಲ್ಲಿ ಹಿಡಿಯುವುದು ಅಂದಿನ ಕಾಗದಕ್ಕೆ ಸುಲಭವಾಗಿರಲಿಲ್ಲ. ಪಿಗೂ ತೀರಿಕೊಂಡದ್ದು ೧೮೫೮ರಲ್ಲಿ. ಮೂರು ವರ್ಷವೂ ತುಂಬದ ಅವನ ಅಧಿಕೃತ ಛಾಯಾಗ್ರಹಣದ ಅವಧಿಯಲ್ಲಿ ಉತ್ತರ ಮತ್ತು ಮಧ್ಯ ಕರ್ನಾಟಕದ ಅನೇಕ ಗುಡಿಗಳು ಮೊದಲ ಬಾರಿಗೆ ಚಿತ್ರಿತವಾದವು.

ಇದೇ ಹೊತ್ತಿಗೆ ಮದರಾಸಿನ ಕಡೆಯಿಂದಲೂ ಕೆಲಸ ನಡೆದಿತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಲಿನಿಯಸ್ ಟ್ರೈಪ್ ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳನ್ನು ಚಿತ್ರಿಸಿದ. ೧೮೫೬ರಲ್ಲಿ ಮದರಾಸು ಸರಕಾರದ ಛಾಯಾಗ್ರಾಹಕನಾದ. ವೈದ್ಯನಾದ ಆಂಡ್ರೂ ನೀಲ್ ಕೂಡ ಮೈಸೂರು ಸೀಮೆಯ ದೇವಾಲಯಗಳಲ್ಲಿ ಕೆಲಸ ಮಾಡಿದ. ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಹಂಪೆಯ ಅವಶೇಷಗಳನ್ನು ಬೃಹದಾಕಾರದ ಮೇಣದ ಕಾಗದಗಳಲ್ಲಿ ಹಿಡಿದ. ಇವರ ಕಥೆ ಬೇರೆಡೆ ಸಾಕಷ್ಟು ಚರ್ಚಿತವಾಗಿದೆ.

ಪಿಗೂ, ನೀಲ್, ಬಿಗ್ಸ್ ಇವರ ಚಿತ್ರಗಳು ಗ್ರಂಥರೂಪದಲ್ಲಿ ಹೊರಬಂದದ್ದು ೧೮೬೬ರಲ್ಲಿ. ಲಂಡನ್ನಿನ ಜಾನ್ ಮರ್ರೇ ಪ್ರಕಟಿಸಿದ ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’ ಎಂಬ ಆ ದೊಡ್ಡ ಸಂಪುಟಕ್ಕೆ ಚಾರಿತ್ರಿಕ ಪೀಠಿಕೆಯನ್ನು ಬರೆದವನು ಸುರಪುರದಲ್ಲಿ ಅಧಿಕಾರಿಯಾಗಿದ್ದ, ಕನ್ನಡಿಗರಿಗೆ ಚಿರಪರಿಚಿತನಾದ ಮೆಡೋಸ್ ಟೇಲರ್; ವಾಸ್ತುವಿನ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್‌ನವು. ಇದರೊಡನೆ ಅಹಮದಾಬಾದ್ ಮತ್ತು ಬಿಜಾಪುರಗಳ ಸಂಪುಟಗಳೂ ಅದೇ ವರ್ಷ ಬಂದವು. ಈ ಮಾಲೆಗೆ ಹಣವೊದಗಿಸಿದವರು ಪ್ರೇಮಚಂದ ರಾಯಚಂದ, ಕರ್ಸನದಾಸ ಮಾಧವದಾಸರಂತಹ ಮುಂಬಯಿಯ ವರ್ತಕರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ ೧೮೬೧ರಿಂದ ೧೮೬೫ರವರೆಗೆ, ಅಲ್ಲಿನ ಹತ್ತಿ ನಿಂತುಹೋಗಿ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಧಾರವಾಡ ಸೀಮೆಯ ಎರೆನೆಲದ ಹತ್ತಿಯೂ ಆ ಮಾರುಕಟ್ಟೆಗೆ ಹೋಗುತ್ತಿತ್ತು. ಈ ನಾಡಿನ ಗುಡಿಗಳ ಚಿತ್ರಸಂಪುಟಕ್ಕೆ ತಗುಲಿದ ವೆಚ್ಚದಲ್ಲಿ ಈ ನಾಡಿನ ರೈತನ ಹತ್ತಿಯ ಪಾಲೂ ಇತ್ತೆಂದರೆ ಅದು ಅತಿಶಯೋಕ್ತಿಯಾಗಲಾರದು. ದಾವಣಗೆರೆ ಹತ್ತಿಯ ಗಿರಣಿಗಳ ಊರಾಗಿ ಹೆಸರು ಮಾಡಿದ್ದು ಇದಕ್ಕೆ ಬಹಳ ಅನಂತರದ ಮಾತು.

ಗ್ರಂಥದ ಪರಿಣಾಮ ದೂರಗಾಮಿಯಾದುದು. ಫರ್ಗುಸನ್ ೧೮೭೬ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ನಮ್ಮ ನಾಡಿನ ಗುಡಿಗಳನ್ನು ‘ಚಾಲುಕ್ಯ ಶೈಲಿ’ ಎಂಬ ಹೆಸರಿನಡಿ ವರ್ಗೀಕರಿಸುವಾಗ ಅವನ ಮುಂದಿದ್ದ ಮುಖ್ಯ ಆಧಾರಗಳಲ್ಲಿ ಇಂತಹ ಛಾಯಾಚಿತ್ರಗಳು ಸೇರಿದ್ದವು. ಒಂದು ಶೈಲಿಯ ನಾಮಕರಣವೇ ಚಿತ್ರಗಳನ್ನು ಹೋಲಿಸಿ ನೋಡುವುದರಿಂದ ನಡೆಯಿತು. ‘ಹೊಯ್ಸಳ ಶೈಲಿ’ ಎಂಬ ಬಳಕೆ ನೆಲೆಗೊಳ್ಳಲು ಶಾಸನಗಳ ಓದು ಮುಂದುವರಿಯಬೇಕಾಯಿತು.

ಕನ್ನಡ ವಿದ್ಯಾರ್ಥಿಗೆ ಹೆಚ್ಚು ಮುಖ್ಯವಾದ ಘಟ್ಟ ೧೮೬೫ರದು. ಆಗ ಮೈಸೂರಿನ ಕಮಿಷನರ್ ಆಗಿದ್ದವನು ಬೌರಿಂಗ್. ಮದರಾಸು ದೇಶೀಯ ಪದಾತಿದಳದ ಮೇಜರ್ ಡಿಕ್ಸನ್ ಆ ವರ್ಷ ಸರಕಾರದ ಪರವಾಗಿ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆ ಮುಂತಾದ ಕಡೆಗಳ ಸುಮಾರು ೧೫೦ ಶಿಲಾಶಾಸನ ಮತ್ತು ತಾಮ್ರಶಾಸನಗಳ ಛಾಯಾಚಿತ್ರಗಳನ್ನು ತೆಗೆದ. ಗುಡಿಯ ಚಿತ್ರದಲ್ಲಿ ಶಾಸನ ಅಕಸ್ಮಾತ್ತಾಗಿ ಕಾಣುವುದು ಬೇರೆ, ಶಾಸನವನ್ನೇ ಉದ್ದೇಶವಾಗಿಟ್ಟುಕೊಂಡು ಸೀಮೆಯ ಊರೂರುಗಳಲ್ಲಿ ಚಿತ್ರಿಸುವುದು ಬೇರೆ. ಡಿಕ್ಸನ್ನನ ಕೆಲಸ ಎರಡನೆಯ ಬಗೆಯದು.

ಈ ಸಂಗ್ರಹದಿಂದ ಎರಡು ಕವಲುಗಳು ಒಡೆದವು. ಬೆಂಗಳೂರಿನಲ್ಲಿಯೇ ಹುಟ್ಟಿದ, ಆಗ ಮೈಸೂರಿನ ವಿದ್ಯಾಭ್ಯಾಸ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರಿಗೆ ಈ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಬಂದಿತು. ಅದರ ಫಲ ೧೮೭೯ರ ‘ಮೈಸೂರು ಶಾಸನಗಳು’ ಎಂಬ ಇಂಗ್ಲಿಷ್ ಗ್ರಂಥ. ಮುಂದೆ ೧೮೮೬ರಿಂದ ಹೊರಬರತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ಇದೇ ಮೊದಲ ಹೆಜ್ಜೆ. ಇನ್ನೊಂದು ಕವಲು ಮುಂಬಯಿ ಸಿವಿಲ್ ಸೇವೆಯ ಜೆ. ಎಫ್. ಫ್ಲೀಟ್ ಅವರದು. ಅವರು ಡಿಕ್ಸನ್, ಪಿಗೂ, ಬಿಗ್ಸ್ ಇವರ ಶಾಸನ ಚಿತ್ರಗಳನ್ನು ಬಳಸಿಕೊಂಡು ೧೮೭೮ರಲ್ಲಿ ‘ಪಾಲಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳು’ ಎಂಬ ಚಿತ್ರಸಂಪುಟವನ್ನು ವ್ಯವಸ್ಥೆಗೊಳಿಸಿದರು. ೧೮೮೨ರ ಅವರ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಕೃತಿಯ ಬುನಾದಿಯಲ್ಲಿ ಈ ಓದೂ ಇದೆ.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಲೇಬೇಕು. ಛಾಯಾಚಿತ್ರವು ಕೈನಕಲಿಗಿಂತ ನಿಷ್ಪಕ್ಷಪಾತಿಯೆಂಬ ನಂಬಿಕೆ ಎಷ್ಟರಮಟ್ಟಿಗೆ ಸರಿ? ಸವೆದ ಕಲ್ಲಿನ ಅಕ್ಷರಗಳು ನೇರ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬೆಳಕು ಓರೆಯಾಗಿ ಬೀಳುವ ಬೆಳಗು-ಸಂಜೆಗಳಲ್ಲಿ ಮಾತ್ರ ಅಕ್ಷರದ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಅಷ್ಟು ಮಂದವಾದ ಬೆಳಕು ಅಂದಿನ ತಂತ್ರಕ್ಕೆ ಸಾಲದು. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಲ್ಲನ್ನು ತೊಳೆದು ಅಕ್ಷರಗಳ ತಗ್ಗಿನಲ್ಲಿ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬುವುದು. ಆಗ ಕಪ್ಪು ಕಲ್ಲಿನ ಮೇಲೆ ಬಿಳಿಯ ಬರಹ ಸ್ಫುಟವಾಗಿ ಮೂಡುತ್ತದೆ. ಆದರೆ ಯಾವ ಗೀರು ಅಕ್ಷರದ್ದು, ಯಾವುದು ಕಲ್ಲಿನ ಬಿರುಕು ಎಂಬುದನ್ನು ತೀರ್ಮಾನಿಸುವವನು ಸುಣ್ಣ ತುಂಬುವ ಕೈಯವನು. ಆ ತೀರ್ಮಾನವನ್ನು ಕ್ಯಾಮರಾ ತನ್ನ ಪ್ರಾಮಾಣಿಕತೆಯ ಮುದ್ರೆಯೊತ್ತಿ ಲಂಡನ್ನಿಗೆ ಕಳುಹಿಸುತ್ತದೆ. ಹೀಗೆ ನೋಡಿದರೆ ನಕಲುಗಾರನು ಮರೆಯಾಗಲಿಲ್ಲ, ಮಸೂರದ ಮುಂದಕ್ಕೆ ಸರಿದುನಿಂತನು. ಬರಬರುತ್ತ ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿಯಿಂದ ತೆಗೆಯುವ ಪಡಿಯಚ್ಚೇ ಶಾಸನದ ಪ್ರಮಾಣಭೂತ ಪ್ರತಿಯೆಂದು ವಿದ್ವಾಂಸರು ಒಪ್ಪಿದ್ದಕ್ಕೆ ಈ ಅನುಭವವೂ ಒಂದು ಕಾರಣವಿರಬೇಕು. ಛಾಯಾಚಿತ್ರಕ್ಕೆ ಆಗ ಪಡಿಯಚ್ಚನ್ನು ಚಿತ್ರಿಸಿ ಅಚ್ಚಿಗೆ ಕೊಡುವ ಎರಡನೆಯ ದರ್ಜೆಯ ಕೆಲಸ ಉಳಿಯಿತು.

ಹರಿಹರದ ಶಾಸನಗಳ ಓದಿನಲ್ಲಿ ಪಣಕ್ಕಿದ್ದುದು ಏನೆಂಬುದಕ್ಕೆ ಒಂದು ನಿದರ್ಶನ ಸಾಕು. ಅಲ್ಲಿನ ಪೋಲಾಳ್ವನ ಶಾಸನದಿಂದ ಅವನು ಗುಡಿಯನ್ನು ಕಟ್ಟಿಸಿದವನಷ್ಟೇ ಅಲ್ಲ, ‘ಹರಿಚರಿತ್ರ’ವೆಂಬ ಕೃತಿಯ ಕರ್ತೃವೂ ಆಗಿದ್ದನೆಂದು ತಿಳಿಯುತ್ತದೆ. ಆ ಕಾವ್ಯ ನಮಗೆ ದೊರೆತಿಲ್ಲ. ಓಲೆಗರಿ ಅಳಿದು ಕಲ್ಲಿನ ಉಲ್ಲೇಖ ಉಳಿದ ಕವಿಗಳ ಸಾಲಿನಲ್ಲಿ ಪೋಲಾಳ್ವ ದಂಡನಾಥನೂ ಒಬ್ಬ. ಅವನಿಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು ಈ ಶಾಸನವನ್ನು ಯಾರೋ ಪ್ರತಿಮಾಡಿ, ಯಾರೋ ಓದಿದ್ದರಿಂದ. ಒಂದು ಪದ್ಯದ ಭಾಗದಲ್ಲಿ ಕಲ್ಲು ಚಕ್ಕೆಯೆದ್ದಿದ್ದರೆ ಹದಿಮೂರನೆಯ ಶತಮಾನದ ಕವಿಯೊಬ್ಬನು ನಮ್ಮ ಅರಿವಿನಿಂದಲೇ ಹೊರಗುಳಿಯುತ್ತಿದ್ದನು. ಹರಿಹರದ ಶಾಸನಗಳು ೧೯೦೩ರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ, ಆಗಿನ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲೂಕಿನವುಗಳೊಡನೆ ಸೇರಿ ಪ್ರಕಟವಾದವು. ಇಂದಿನ ದಾವಣಗೆರೆ ಜಿಲ್ಲೆ ರೂಪುಗೊಂಡದ್ದು ೧೯೯೭ರಲ್ಲಿ. ಈಗಲೂ ಹರಿಹರದ ಶಾಸನವನ್ನು ಹುಡುಕುವ ವಿದ್ಯಾರ್ಥಿ ಹಳೆಯ ಆವೃತ್ತಿಯಲ್ಲಿ ದಾವಣಗೆರೆಯ ಕೆಳಗೆ ನೋಡಬೇಕು.

ಈ ಚಿತ್ರಗಳ ಹಿಂದೆ ದುಡಿದ ದೇಶೀಯರ ಬಗೆಗೆ ದಾಖಲೆಗಳು ಬಹುಮಟ್ಟಿಗೆ ಮೌನವಾಗಿವೆ. ಪೆಟ್ಟಿಗೆಗಳನ್ನು ಹೊತ್ತವರು, ನೀರು ತಂದವರು, ಕಲ್ಲಿನ ಮೇಲಿನ ಎಣ್ಣೆಜಿಡ್ಡನ್ನು ಉಜ್ಜಿ ತೆಗೆದವರು, ಅಕ್ಷರಕ್ಕೆ ಸುಣ್ಣ ತುಂಬಿದವರು ಇವರಲ್ಲಿ ಹೆಸರು ಉಳಿದವರು ಅತಿವಿರಳ. ಟ್ರೈಪ್‌ನ ಸಹಾಯಕನಾಗಿದ್ದು ಮುಂದೆ ಮದರಾಸಿನ ಕೈಗಾರಿಕಾ ಕಲಾಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿಸಿದ ಸಿ. ಅಯ್ಯಾಸ್ವಾಮಿ ಅಂತಹ ಅಪವಾದ. ಚಿತ್ರದೊಳಗೆ ಬಂದ ಜನರ ಗತಿಯೂ ಇದೇ. ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದ ಮನುಷ್ಯ ಅಳತೆಗೋಲು ಮಾತ್ರ. ಈ ಬಯಲುಸೀಮೆಯ ಜನ ಕ್ಯಾಮರಾದ ಗಮನಕ್ಕೆ ಬರಲು ಬರಗಾಲವೇ ಬರಬೇಕಾಯಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಹಸಿದವರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದವನು ಹೂಪರ್ ಎಂಬ ಸೇನಾಧಿಕಾರಿ. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ೫೦,೫೫,೪೧೨ ಇದ್ದದ್ದು ೧೮೮೧ರ ಗಣತಿಯಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ರೈಸ್ ಅವರು ಡಿಕ್ಸನ್ನನ ಚಿತ್ರಗಳಿಂದ ಗ್ರಂಥವನ್ನು ಸಿದ್ಧಪಡಿಸುತ್ತಿದ್ದ ಕಾಲ ಇದೇ ಎಂಬುದನ್ನು ಮರೆಯಲಾಗದು.

ಈ ಛಾಯಾಚಿತ್ರಗಳ ಮುಖ್ಯ ಸಂಗ್ರಹಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಗ್ರೀನ್‌ಲಾನ ಹಂಪೆಯ ನೆಗೆಟಿವುಗಳು ಬೆಳಕಿಗೆ ಬಂದಾಗ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ೧೯೮೩ರಲ್ಲಿ ಅವನು ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಎದುರುಬದುರಾಗಿಟ್ಟಾಗ ಬಿದ್ದ ಕಂಬ, ಕಾಣೆಯಾದ ಗಾರೆಯ ಶಿಖರ, ಹೊಸದಾಗಿ ಎತ್ತಿ ನಿಲ್ಲಿಸಿದ ತೊಲೆ ಎಲ್ಲವೂ ಗೊತ್ತಾಗುತ್ತವೆ. ಹರಿಹರದಲ್ಲಿ ಪಿಗೂನ ಚಿತ್ರಗಳಿಗೆ ಇದೇ ಕ್ರಮವನ್ನು ಅನ್ವಯಿಸಬಹುದು. ಡಿಕ್ಸನ್ನನ ಶಾಸನಚಿತ್ರಗಳ ವಿಷಯದಲ್ಲಂತೂ ಕೆಲಸ ಇನ್ನೂ ಸರಳ. ಪ್ರತಿಯೊಂದು ಚಿತ್ರವನ್ನೂ ಸಾಲುಸಾಲಾಗಿ ರೈಸ್ ಅವರ ಮುದ್ರಿತ ಪಾಠದೊಡನೆಯೂ ಇಂದಿನ ಕಲ್ಲಿನೊಡನೆಯೂ ಇಟ್ಟು ನೋಡಬೇಕು. ೧೮೬೫ರಲ್ಲಿ ಇದ್ದು ೧೯೦೩ರ ಹೊತ್ತಿಗೆ ಚಕ್ಕೆಯೆದ್ದ ಅಕ್ಷರ ಒಂದಾದರೂ ಇದ್ದರೆ ಅದಕ್ಕೆ ಸಾಕ್ಷಿ ಆ ಚಿತ್ರವೊಂದೇ. ಆ ಚಿತ್ರಗಳ ಪ್ರತಿಗಳನ್ನು ತರಿಸಿಕೊಳ್ಳಲು ಲಂಡನ್ನಿಗೆ ಹೋಗಬೇಕಾದ ಕಾಲ ಇದಲ್ಲ. ಹರಿಹರೇಶ್ವರನ ಅಂಗಳದಲ್ಲಿ ಶಾಸನಗಳು ನಿಂತೇ ಇವೆ. ಬೆಳಗಿನ ಓರೆ ಬಿಸಿಲಿಗೆ ಅವುಗಳ ಅಕ್ಷರಗಳು ಸುಣ್ಣದ ಹಂಗಿಲ್ಲದೆ ಇಂದಿನ ಕ್ಯಾಮರಾಕ್ಕೆ ದಕ್ಕುತ್ತವೆ.